ಮೀಟಿಂಗ್ ರೂಮಿಗೆ ವೀಡಿಯೊ ಪೆಟ್ಟಿಗೆ: ಬೆಲೆ ಆಮೇಲೆ, ಮೊದಲು ಕೊನೆಯ ದಿನಾಂಕ ಕೇಳಿ

"ಮೀಟಿಂಗ್ ರೂಮಿನಲ್ಲಿ ವೀಡಿಯೊ ಕಾಲ್ ಮಾಡುವ ಪೆಟ್ಟಿಗೆಗೆ ಮೂರು ಕೊಟೇಶನ್ ಬಂದಿದೆ. ಒಂದು ಎಂಬತ್ತು ಸಾವಿರ, ಒಂದು ಒಂದೂವರೆ ಲಕ್ಷ, ಇನ್ನೊಂದು ಮೂರು ಲಕ್ಷ. ಮೂರರಲ್ಲೂ ಕ್ಯಾಮೆರಾ ಇದೆ, ಮೈಕ್ ಇದೆ, 4ಕೆ ಅಂತ ಬರೆದಿದೆ. ಯಾವುದು ತಗೊಳ್ಳೋದು?"

ಈ ಪ್ರಶ್ನೆ ನನಗೆ ತಿಂಗಳಿಗೆ ಒಂದೆರಡು ಸಲವಾದರೂ ಬರುತ್ತದೆ. ನಾನು ತಿರುಗಿ ಕೇಳುವುದು ಒಂದೇ: ಈ ಪೆಟ್ಟಿಗೆಗೆ ಯಾವ ವರ್ಷದವರೆಗೆ ಅಪ್‌ಡೇಟ್ ಬರುತ್ತದೆ ಅಂತ ಕೊಟೇಶನ್‌ನಲ್ಲಿ ಬರೆದಿದ್ದಾರಾ? ಇಲ್ಲಿಯವರೆಗೆ ಒಬ್ಬರೂ ಹೌದು ಅಂದಿಲ್ಲ.

ನಾನೂ ಇದನ್ನು ಕೇಳದೆ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಆರು ರೂಮಿಗೆ ಒಂದೇ ಮಾಡೆಲ್ ತಗೊಂಡೆವು. ಭಾರಿ ಡಿಸ್ಕೌಂಟ್. ಮ್ಯಾನೇಜರ್ ಬೆನ್ನು ತಟ್ಟಿದರು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ತಯಾರಕರ ಪಟ್ಟಿಯಲ್ಲಿ ನಮ್ಮ ಮಾಡೆಲ್ ಎದುರಿಗೆ ಕೊನೆಯ ದಿನಾಂಕ ಬಂದು ಕೂತಿತ್ತು. ಡಿಸ್ಕೌಂಟ್ ಯಾಕೆ ಅಷ್ಟಿತ್ತು ಅಂತ ಆಗ ಅರ್ಥವಾಯಿತು. ಅವರಿಗೆ ಗೋಡೌನ್ ಖಾಲಿ ಆಗಬೇಕಿತ್ತು, ನಾವು ಸಿಕ್ಕಿದೆವು.

ಯಾವ ದಿನಾಂಕ ಯಾವುದು?

ಇಲ್ಲಿ ನಾಲ್ಕು ದಿನಾಂಕಗಳಿವೆ. ಮಾರುವವರು ನಾಲ್ಕನ್ನೂ ಕಲಸಿ "ಸಪೋರ್ಟ್ ಇದೆ ಸಾರ್" ಅಂದುಬಿಡುತ್ತಾರೆ.

ವಾರಂಟಿ ಅಂದರೆ ಸುಟ್ಟುಹೋದರೆ ಬದಲಿಸಿಕೊಡುವ ಮಾತು, ಅಷ್ಟೇ. ಎರಡನೆಯದು ಮಾರಾಟ ನಿಲ್ಲುವ ದಿನ. ಮೂರನೆಯದು ಸಾಫ್ಟ್‌ವೇರ್ ಅಪ್‌ಡೇಟ್ ನಿಲ್ಲುವ ದಿನ. ನಿಮಗೆ ಮುಖ್ಯವಾಗಿ ಬೇಕಾದ್ದು ಇದು. ನಾಲ್ಕನೆಯದು ಯಾರ ಕೈಯಲ್ಲೂ ಇಲ್ಲ. ಪೆಟ್ಟಿಗೆಯೊಳಗೆ ಓಡುವ ಸೇವೆಯನ್ನೇ ಮುಚ್ಚುವ ದಿನ ಅದು. ಮೈಕ್ರೋಸಾಫ್ಟ್ 2021ರ ಜುಲೈ 31ಕ್ಕೆ ಆಫೀಸುಗಳ ವೀಡಿಯೊ ಮೀಟಿಂಗ್ ಸೇವೆ ಸ್ಕೈಪ್ ಫಾರ್ ಬಿಸಿನೆಸ್ ಆನ್‌ಲೈನ್ ನಿಲ್ಲಿಸಿತು. ಅಮೆರಿಕದ ಟೆಲಿಫೋನ್ ಕಂಪನಿ ವೆರೈಜನ್ 2020ರಲ್ಲಿ ಬ್ಲೂಜೀನ್ಸ್ ಅನ್ನುವ ವೀಡಿಯೊ ಮೀಟಿಂಗ್ ಸೇವೆ ಕೊಂಡು, 2023ರಲ್ಲಿ ಮುಚ್ಚುತ್ತೇವೆ ಅಂತ ಹೇಳಿತು. ಅಂಥ ಸೇವೆಗೆ ಅಂತಲೇ ಕೊಂಡ ಸಾಮಾನು ಗಟ್ಟಿಮುಟ್ಟಾಗಿದ್ದರೂ ಉಪಯೋಗ ಇಲ್ಲ.

ಕೊನೆಯ ದಿನಾಂಕ ಬಂದ ಬೆಳಿಗ್ಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಮಾರನೇ ದಿನವೂ ಅದು ಓಡುವ ಹಳೇ ಪೆಟ್ಟಿಗೆಗಳು ಆನ್ ಆದವು, ಮೀಟಿಂಗ್ ನಡೆದವು. ಅದಕ್ಕೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ತೊಂದರೆ ಬರುವುದು ತಡವಾಗಿ. ಸೆಕ್ಯೂರಿಟಿ ಆಡಿಟ್ ಮಾಡುವವರು ಬಂದು ಕೆಂಪು ಗುರುತು ಹಾಕುತ್ತಾರೆ. ಇಲ್ಲವೇ ಒಂದು ದಿನ ಆ್ಯಪ್ "ಹೊಸ ಆವೃತ್ತಿ ಬೇಕು" ಅಂತ ಹಠ ಹಿಡಿಯುತ್ತದೆ. ಜೂಮ್ 2022ರ ನವೆಂಬರ್‌ನಿಂದ ತನ್ನ ಸಾಫ್ಟ್‌ವೇರ್ ಒಂಬತ್ತು ತಿಂಗಳಿಗಿಂತ ಹಳೆಯದಾಗಿರಬಾರದು ಅನ್ನುವ ನಿಯಮ ತಂದಿತು. ಹಳೇ ಫೋನಿನಲ್ಲಿ ಯುಪಿಐ ಆ್ಯಪ್ ಒಂದು ದಿನ ತೆರೆಯದೇ ಹೋಗುತ್ತದಲ್ವಾ, ಇದೂ ಹಾಗೇ. ಫೋನ್ ಕೆಟ್ಟಿರುವುದಿಲ್ಲ. ಕೆಲಸ ಮಾತ್ರ ಆಗುವುದಿಲ್ಲ.

ಯಾವುದನ್ನು ತೂಗಿ ನೋಡಬೇಕು?

ನಾನು ನೋಡುವುದು ನಾಲ್ಕು ವಿಷಯ. ಅಪ್‌ಡೇಟ್ ಇನ್ನು ಎಷ್ಟು ವರ್ಷ ಉಳಿದಿದೆ. ಮಿದುಳು (ಕಂಪ್ಯೂಟರ್), ಕಣ್ಣು (ಕ್ಯಾಮೆರಾ), ಕಿವಿ (ಮೈಕ್), ಪರದೆ ಬೇರೆ ಬೇರೆಯಾಗಿ ಬದಲಿಸಬಹುದೇ. ನಾಳೆ ಮೈಕ್ರೋಸಾಫ್ಟ್ ಟೀಮ್ಸ್ ಬಿಟ್ಟು ಜೂಮ್‌ಗೆ ಹೋದರೆ ಇದೇ ಪೆಟ್ಟಿಗೆ ನಡೆಯುತ್ತದೆಯೇ. ಪ್ರತಿ ವರ್ಷ ಕಟ್ಟುವ ಲೈಸೆನ್ಸ್ ಎಷ್ಟು. ಚಿತ್ರದ ಗುಣಮಟ್ಟವನ್ನು ಬೇಕೆಂದೇ ಸೇರಿಸಿಲ್ಲ. ಹತ್ತು ಜನ ಕೂರುವ ರೂಮಿಗೆ ಇವತ್ತಿನ ಹೆಚ್ಚಿನ ಕ್ಯಾಮೆರಾಗಳು ಸಾಕು.

ಉಳಿದ ವರ್ಷ ಅಂದೆ, ಒಟ್ಟು ವರ್ಷ ಅನ್ನಲಿಲ್ಲ. ಲೆಕ್ಕ ಶುರುವಾಗುವುದು ನೀವು ಕೊಂಡ ದಿನದಿಂದ ಅಲ್ಲ. ಗೂಗಲ್‌ನ ಕ್ರೋಮ್ ಸಾಧನಗಳಲ್ಲಿ (ಗೂಗಲ್‌ನ ಕ್ರೋಮ್‌ಒಎಸ್ ಓಡುವ ಕಂಪ್ಯೂಟರ್‌ಗಳು) ಆ ಹಾರ್ಡ್‌ವೇರ್ ತಳಿ ಮಾರುಕಟ್ಟೆಗೆ ಬಂದ ದಿನದಿಂದಲೇ ಗಡಿಯಾರ ಓಡುತ್ತದೆ. ಮೂರು ವರ್ಷ ಬಿಟ್ಟು ಕೊಂಡವರಿಗೆ ಮೂರು ವರ್ಷ ಕಡಿಮೆ. ಅಂಗಡಿಯಲ್ಲಿ ಹಾಲಿನ ಪ್ಯಾಕೆಟ್ ತಿರುಗಿಸಿ ದಿನಾಂಕ ನೋಡುವ ನಾವು ಲಕ್ಷದ ಪೆಟ್ಟಿಗೆ ಕೊಳ್ಳುವಾಗ ಮರೆಯುತ್ತೇವೆ.

ಸಣ್ಣ ಲೆಕ್ಕ ಹಾಕೋಣ. ಒಂದೂವರೆ ಲಕ್ಷದ ಪೆಟ್ಟಿಗೆಗೆ ಉಳಿದದ್ದು 2 ವರ್ಷ ಅಂದರೆ ವರ್ಷಕ್ಕೆ 75,000. ಎರಡು ಲಕ್ಷ ನಲವತ್ತು ಸಾವಿರದ್ದಕ್ಕೆ 6 ವರ್ಷ ಉಳಿದಿದ್ದರೆ ವರ್ಷಕ್ಕೆ 40,000. ಯಾವುದು ಅಗ್ಗ? ಅಕೌಂಟ್ಸ್‌ನವರಿಗೆ ಇದನ್ನು ತೋರಿಸಿ, ಕೂಡಲೇ ಒಪ್ಪುತ್ತಾರೆ. ಅಂದಹಾಗೆ, ನಮ್ಮ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ನಂಥವಕ್ಕೆ ಸವಕಳಿ ಲೆಕ್ಕದ ಆಯಸ್ಸು 3 ವರ್ಷ, ಸರ್ವರ್ ಮತ್ತು ನೆಟ್‌ವರ್ಕ್‌ಗೆ 6 ವರ್ಷ. ಮೀಟಿಂಗ್ ರೂಮಿನ ಮಿನಿ ಪಿಸಿ (ಸಣ್ಣ ಕಂಪ್ಯೂಟರ್) ಲೆಕ್ಕದ ಪುಸ್ತಕದಲ್ಲಿ ಮೂರೇ ವರ್ಷಕ್ಕೆ ಮುಗಿದುಹೋಗಿರುತ್ತದೆ. ಗೋಡೆ ಮೇಲೆ ಮಾತ್ರ ಏಳು ವರ್ಷವಾದರೂ ನೇತಾಡುತ್ತಿರುತ್ತದೆ.

ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿ ಕ್ಯಾಮೆರಾ

ಇನ್ನು ಒಂದೊಂದೇ ಬಗೆ ನೋಡೋಣ. ಇದು ನೋಡಲು ಬಡವ, ಆಯಸ್ಸು ಗಟ್ಟಿ. ರೂಮಿನಲ್ಲಿ ಟಿವಿ, ಯುಎಸ್‌ಬಿ ಕ್ಯಾಮೆರಾ, ಸ್ಪೀಕರ್-ಮೈಕ್ ಇರುತ್ತವೆ. ಬಂದವರು ಲ್ಯಾಪ್‌ಟಾಪ್ ಸಿಕ್ಕಿಸಿ ಮೀಟಿಂಗ್ ಮಾಡುತ್ತಾರೆ. ಇಂಥ ಹೆಚ್ಚಿನ ಕ್ಯಾಮೆರಾಗಳು ಯುವಿಸಿ ಅನ್ನುವ ಸಾಮಾನ್ಯ ಪದ್ಧತಿಯಲ್ಲಿ ನಡೆಯುತ್ತವೆ. ಅದಕ್ಕೆ ಬೇರೆ ಡ್ರೈವರ್ ಬೇಡ. ವಿಂಡೋಸ್ ಬದಲಾದರೂ, ಟೀಮ್ಸ್ ಹೋಗಿ ಗೂಗಲ್ ಮೀಟ್ ಬಂದರೂ ಕ್ಯಾಮೆರಾಕ್ಕೆ ಗೊತ್ತೇ ಆಗುವುದಿಲ್ಲ. ಮಿದುಳು ಲ್ಯಾಪ್‌ಟಾಪ್‌ನಲ್ಲಿದೆ, ಲ್ಯಾಪ್‌ಟಾಪ್ ಹೇಗೂ ಮೂರ್ನಾಲ್ಕು ವರ್ಷಕ್ಕೆ ಬದಲಾಗುತ್ತದೆ. ರೂಮಿಗೆ ಬೇರೆ ಲೈಸೆನ್ಸ್ ಕೂಡ ಬೇಡ.

ಕೊರತೆ ಇರುವುದು ಬಳಸುವಾಗ. ಪ್ರತಿ ಮೀಟಿಂಗ್‌ನ ಮೊದಲ ಐದು ನಿಮಿಷ "ಕೇಳಿಸ್ತಾ ಇದೆಯಾ?" ಅನ್ನುವುದರಲ್ಲೇ ಹೋಗುತ್ತದೆ. ಕೇಬಲ್ ಇನ್ನೊಂದು ತಲೆನೋವು. ಯುಎಸ್‌ಬಿ 2.0 ಸಾದಾ ಕೇಬಲ್‌ನ ಮಿತಿ 5 ಮೀಟರ್. ಟಿವಿಯಿಂದ ಗೋಡೆಯೊಳಗೆ ಇಳಿದು, ನೆಲದಡಿ ಬಂದು, ಮೇಜಿನ ಮೇಲೆ ಏರುವ ಹೊತ್ತಿಗೆ ಎಂಟು ಮೀಟರ್ ಆಗಿರುತ್ತದೆ. ಆಗ ಸಿಗ್ನಲ್‌ಗೆ ಬಲ ಕೊಡುವ ಆ್ಯಕ್ಟಿವ್ ಕೇಬಲ್ ಹಾಕಲೇಬೇಕು. ಅದನ್ನು ಉಳಿಸಲು ಹೋಗಿ ಸುಮ್ನೆ ಎರಡು ಕೇಬಲ್ ಜೋಡಿಸಿದರೆ ಕ್ಯಾಮೆರಾ ಆಗಾಗ ಮಾಯವಾಗುತ್ತದೆ. ಬೈಗುಳ ಮಾತ್ರ ಕ್ಯಾಮೆರಾಕ್ಕೆ.

ಒಂದೆರಡು ರೂಮಿನ ಆಫೀಸ್, ಹತ್ತಿಪ್ಪತ್ತು ಜನರ ಕಂಪನಿ, ಕಾಲೇಜು ವಿಭಾಗ: ನಿಮಗೆ ಇದೇ ಸಾಕು. ಇದಕ್ಕಿಂತ ಮೇಲಿನದು ಬೇಕು ಅಂತ ಯಾರಾದರೂ ಹೇಳಿದರೆ ಕಾರಣ ಕೇಳಿ.

ಮಿನಿ ಪಿಸಿ ಕಿಟ್

ಟಿವಿ ಹಿಂದೆ ಸಣ್ಣ ಕಂಪ್ಯೂಟರ್, ಮೇಜಿನ ಮೇಲೆ ಟಚ್ ಪ್ಯಾನೆಲ್, ಬೇರೆ ಕ್ಯಾಮೆರಾ, ಬೇರೆ ಮೈಕ್. ಟೀಮ್ಸ್ ರೂಮ್ಸ್‌ನ (ಮೀಟಿಂಗ್ ರೂಮಿಗೆ ಅಂತಲೇ ಮಾಡಿದ ಟೀಮ್ಸ್) ವಿಂಡೋಸ್ ಕಿಟ್‌ಗಳು, ಜೂಮ್ ರೂಮ್ಸ್‌ನ ಪಿಸಿ ಅಥವಾ ಮ್ಯಾಕ್ ಮಿನಿ ಜೋಡಣೆಗಳು ಈ ಜಾತಿಯವು.

ಇದರ ಗುಣ ಅರ್ಥವಾಗಲು ತೋಟದ ಬೋರ್‌ವೆಲ್ ನೆನೆಸಿಕೊಳ್ಳಿ. ಸ್ಟಾರ್ಟರ್ ಸುಟ್ಟರೆ ಸ್ಟಾರ್ಟರ್ ಬದಲಿಸುತ್ತೇವೆ, ಮೋಟರ್ ಮೇಲೆತ್ತುವುದಿಲ್ಲ. ಇಲ್ಲೂ ಮೊದಲು ಮುದಿಯಾಗುವುದು ಕಂಪ್ಯೂಟರ್. ಅದೊಂದನ್ನೇ ತೆಗೆದು ಹೊಸದು ಹಾಕಿದರೆ ಕ್ಯಾಮೆರಾ, ಮೈಕ್, ವೈರಿಂಗ್ ಎಲ್ಲಾ ಹಾಗೇ ಉಳಿಯುತ್ತವೆ. ವೈರಿಂಗ್ ಉಳಿದರೆ ಗೋಡೆ ಒಡೆಯುವ ಖರ್ಚೂ ಉಳಿಯಿತು.

ಆದರೆ ಈ ದಾರಿಯಲ್ಲೂ ಪೆಟ್ಟು ತಿಂದವರಿದ್ದಾರೆ. ಟೀಮ್ಸ್ ರೂಮ್ಸ್‌ನ ಮೊದಲ ತಲೆಮಾರಿನಲ್ಲಿ ಸರ್ಫೇಸ್ ಪ್ರೊ 4 ಟ್ಯಾಬ್ಲೆಟ್ಟನ್ನು ಲಾಜಿಟೆಕ್‌ನ ಸ್ಮಾರ್ಟ್‌ಡಾಕ್ ಅನ್ನುವ ಸ್ಟ್ಯಾಂಡಿನಲ್ಲಿ ಕೂರಿಸಿ ಕೊಡುತ್ತಿದ್ದರು. ಅದರೊಳಗಿದ್ದದ್ದು ಇಂಟೆಲ್‌ನ 6ನೇ ತಲೆಮಾರಿನ ಚಿಪ್. ವಿಂಡೋಸ್ 11 ಕೇಳುವುದು ಬಹುಮಟ್ಟಿಗೆ 8ನೇ ತಲೆಮಾರು ಮತ್ತು ಅದರ ನಂತರದ್ದು, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ. ಹಾಗಾಗಿ ಚೆನ್ನಾಗಿ ಓಡುತ್ತಿದ್ದ ಪೆಟ್ಟಿಗೆಗಳಿಗೂ ವಿಂಡೋಸ್ 11ಕ್ಕೆ ಏರಲು ದಾರಿ ಇರಲಿಲ್ಲ. ಈಗ ಸೆಕೆಂಡ್‌ಹ್ಯಾಂಡ್ ಕಿಟ್ ತಗೊಳ್ಳುವವರು ಚಿಪ್ ಯಾವ ತಲೆಮಾರಿನದು ಅಂತ ಮೊದಲು ನೋಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗಕ್ಕೆ ಮಿನಿ ಪಿಸಿ ಸಿಗುತ್ತದೆ ಅನ್ನುವುದು ನಿಜ. ಯಾಕೆ ಅಗ್ಗ ಅನ್ನುವುದಕ್ಕೆ ಇದೂ ಒಂದು ಕಾರಣ. 2018ರ ಇಂಟೆಲ್ ಮ್ಯಾಕ್ ಮಿನಿಯದೂ ಇದೇ ಕತೆ. 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋ ಅದಕ್ಕೆ ಹಿಡಿಸುವುದಿಲ್ಲ.

ಇನ್ನೊಂದು ಕಣ್ಣಾರೆ ಕಂಡದ್ದು. ಜೂಮ್ ರೂಮಿನ ಕಂಟ್ರೋಲರ್ ಅಂತ ಮೇಜಿನ ಮೇಲೆ ಐಪ್ಯಾಡ್ ಇಟ್ಟಿದ್ದರು. ಮೂರು ವರ್ಷ ಹಗಲು ರಾತ್ರಿ ಚಾರ್ಜರ್‌ನಲ್ಲೇ ಇತ್ತು. ಒಂದು ಸೋಮವಾರ ಬಂದು ನೋಡಿದರೆ ಸ್ಟ್ಯಾಂಡಿನ ಅಂಚಿನಿಂದ ಗಾಜು ಮೇಲೆದ್ದಿತ್ತು. ಬೆರಳಿಟ್ಟರೆ ಪೂರಿ ಹಾಗೆ ಉಬ್ಬಿತ್ತು, ಒಳಗೆ ಬ್ಯಾಟರಿ ಊದಿಕೊಂಡಿತ್ತು. ಕಂಪ್ಯೂಟರ್‌ಗೂ ಕ್ಯಾಮೆರಾಕ್ಕೂ ಏನೂ ಆಗಿರಲಿಲ್ಲ, ರೂಮ್ ಮಾತ್ರ ಬಂದ್. ಅಂದಿನಿಂದ ನಾನು ಬ್ಯಾಟರಿ ಇಲ್ಲದ, ನೆಟ್‌ವರ್ಕ್ ಕೇಬಲ್‌ನಿಂದಲೇ ಕರೆಂಟ್ ತಗೊಳ್ಳುವ ಟಚ್ ಪ್ಯಾನೆಲ್ಲೇ ಕೇಳುತ್ತೇನೆ.

ಲೈಸೆನ್ಸ್ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇದು ಆ್ಯಂಡ್ರಾಯ್ಡ್ ಬಾರ್‌ಗೂ ಅನ್ವಯ. ಟೀಮ್ಸ್ ರೂಮ್ಸ್ ಪ್ರೊ ಪಟ್ಟಿ ಬೆಲೆ ಒಂದು ರೂಮಿಗೆ ತಿಂಗಳಿಗೆ 40 ಡಾಲರ್. ಐದು ವರ್ಷಕ್ಕೆ 2,400 ಡಾಲರ್. ಎಷ್ಟೋ ರೂಮುಗಳಲ್ಲಿ ಇದು ಪೆಟ್ಟಿಗೆಯ ಬೆಲೆಯನ್ನೇ ಮೀರುತ್ತದೆ, ಮೂಗಿಗಿಂತ ಮೂಗುತಿ ಭಾರ. 25 ರೂಮುಗಳವರೆಗೆ ಬೇಸಿಕ್ ಲೈಸೆನ್ಸ್ ಬಿಟ್ಟಿ ಇದೆ. ಅದರಲ್ಲಿ ನಡೆಯುತ್ತದಾ ಅಂತ ಮೊದಲು ನೋಡಿ.

ಆ್ಯಂಡ್ರಾಯ್ಡ್ ಬಾರ್

ಈಗ ಎಲ್ಲರೂ ತೋರಿಸುವುದು ಇದನ್ನೇ. ಟಿವಿ ಕೆಳಗೆ ಒಂದು ಉದ್ದನೆಯ ಪಟ್ಟಿ. ಕ್ಯಾಮೆರಾ, ಮೈಕ್, ಸ್ಪೀಕರ್, ಕಂಪ್ಯೂಟರ್ ನಾಲ್ಕೂ ಅದರೊಳಗೆ. ಲಾಜಿಟೆಕ್ ರ್‍ಯಾಲಿ ಬಾರ್, ಪಾಲಿ ಸ್ಟುಡಿಯೊ ಎಕ್ಸ್, ನೀಟ್ ಬಾರ್ ಈ ಬಗೆಯವು. ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ರೂಮ್ ರೆಡಿ. ನಾಲ್ಕು ವೈರ್ ಹಾಕುವ ಕೆಲಸ ಇಲ್ಲ. ಇಪ್ಪತ್ತು ರೂಮಿನ ಆಫೀಸಿಗೆ ಇಬ್ಬರೇ ಐಟಿಯವರಿದ್ದರೆ ಇದರ ಬೆಲೆ ಏನು ಅಂತ ಅವರನ್ನೇ ಕೇಳಿ.

ತೊಂದರೆಯೂ ಆ ಒಟ್ಟಿಗಿರುವುದರಲ್ಲೇ ಇದೆ. ನಾಲ್ಕರಲ್ಲಿ ಮೊದಲು ಮುದಿಯಾಗುವ ಮಿದುಳು ಉಳಿದ ಮೂರನ್ನೂ ಎಳೆದುಕೊಂಡು ಹೋಗುತ್ತದೆ. ಯಾಕೆ ಮುದಿಯಾಗುತ್ತದೆ? ಒಳಗಿರುವುದು ಮೊಬೈಲ್ ಫೋನಿನಂಥದ್ದೇ ಚಿಪ್. ಆ ಚಿಪ್ ಮಾಡಿದವರು ಹೊಸ ಆ್ಯಂಡ್ರಾಯ್ಡ್‌ಗೆ ಬೇಕಾದ ತಳಪಾಯದ ಕೋಡ್ ಕೊಡುವುದನ್ನು ಒಂದು ದಿನ ನಿಲ್ಲಿಸುತ್ತಾರೆ. ಅದಿಲ್ಲದೆ ಬಾರ್ ತಯಾರಕರು ಮುಂದಿನ ಆ್ಯಂಡ್ರಾಯ್ಡ್ ಹಾಕುವುದು ಕಷ್ಟ. ಹಳೇ ಆ್ಯಂಡ್ರಾಯ್ಡ್ ಮೇಲೆ ಟೀಮ್ಸ್ ಅಥವಾ ಜೂಮ್‌ನವರು ಎಷ್ಟು ದಿನ ಓಡಿಸುತ್ತಾರೆ ಅನ್ನುವುದು ಅವರಿಷ್ಟ. ಅಂದರೆ ಮೂರು ಕಂಪನಿಗಳ ಮರ್ಜಿಯಲ್ಲಿ ನಿಮ್ಮ ರೂಮ್ ನಡೆಯುತ್ತದೆ. ಟೀಮ್ಸ್‌ಗೆ ತಗೊಳ್ಳುವವರಿಗೆ ಒಂದು ಅನುಕೂಲ ಇದೆ. ಮೈಕ್ರೋಸಾಫ್ಟ್ ತನ್ನ ಪ್ರಮಾಣಪತ್ರ ಪಡೆದ ಆ್ಯಂಡ್ರಾಯ್ಡ್ ಸಾಧನಗಳ ಪಟ್ಟಿಯಲ್ಲಿ ಪ್ರತಿ ಮಾಡೆಲ್ ಎದುರಿಗೆ ಆ ಪತ್ರ ಮುಗಿಯುವ ದಿನ ಹಾಕುತ್ತದೆ. ಕೊಟೇಶನ್ ಕೈಯಲ್ಲಿ ಹಿಡಿದು ಆ ಪಟ್ಟಿ ತೆರೆಯಿರಿ. ಎರಡು ನಿಮಿಷದ ಕೆಲಸ.

ಹಾಗಂತ ಬಾರ್ ಬೇಡ ಅನ್ನುತ್ತಿಲ್ಲ. ಮಿದುಳು ನಿಂತ ಮೇಲೂ ಬರೀ ಕ್ಯಾಮೆರಾ-ಸ್ಪೀಕರ್ ಆಗಿ ಬದುಕುವ ಬಾರ್ ತಗೊಳ್ಳಿ ಅನ್ನುತ್ತೇನೆ. ರ್‍ಯಾಲಿ ಬಾರ್‌ನಲ್ಲಿ ಯುಎಸ್‌ಬಿ ಮೂಲಕ ಪಿಸಿಗೆ ಜೋಡಿಸುವ ವಿಧಾನ ಇದೆ. ಬೇರೆ ಮಾಡೆಲ್‌ಗಳಲ್ಲೂ ಇದನ್ನು ಕೇಳಿ, ಡೆಮೊದಲ್ಲಿ ಜೋಡಿಸಿ ತೋರಿಸಿ ಅನ್ನಿ. ಆ ಒಂದು ಪೋರ್ಟ್‌ನಿಂದ ಬಾರ್‌ಗೆ ಎರಡನೇ ಜನ್ಮ ಸಿಗುತ್ತದೆ. ರ್‍ಯಾಲಿ ಬಾರ್‌ನಂಥವು ಟೀಮ್ಸ್‌ನಿಂದ ಜೂಮ್‌ಗೂ ಹೊರಳುತ್ತವೆ. ಹಾಗಾಗಿ ಮೂರನೇ ಪರೀಕ್ಷೆಯಲ್ಲಿ ಇವು ಪಾಸ್.

ಒಂದೇ ಮನೆತನದ ಪೆಟ್ಟಿಗೆಗಳು

ಗೂಗಲ್ ಮೀಟ್ ಹಾರ್ಡ್‌ವೇರ್ ಒಂದು ಕಡೆ, ಸಿಸ್ಕೊ ಇನ್ನೊಂದು ಕಡೆ. ಇಬ್ಬರ ರೀತಿಯೂ ಬೇರೆ.

ಗೂಗಲ್‌ನದು ಸರಳ. 2014ರಲ್ಲಿ ಇದರ ಮೊದಲ ರೂಪ ಕ್ರೋಮ್‌ಬಾಕ್ಸ್ ಫಾರ್ ಮೀಟಿಂಗ್ಸ್ ಬಂದಾಗ 999 ಡಾಲರ್, ಎರಡನೇ ವರ್ಷದಿಂದ ವರ್ಷಕ್ಕೆ 250 ಡಾಲರ್ ಶುಲ್ಕ ಇತ್ತು. ತಾನಾಗಿಯೇ ಅಪ್‌ಡೇಟ್ ಆಗುತ್ತದೆ, ಅಪ್‌ಡೇಟ್ ಮುಗಿಯುವ ದಿನ ಮಾಡೆಲ್ ಪ್ರಕಾರ ಮೊದಲೇ ಪ್ರಕಟವಾಗಿರುತ್ತದೆ. ಪಾರದರ್ಶಕತೆಗೆ ನೂರಕ್ಕೆ ನೂರು ಕೊಡುತ್ತೇನೆ. 2023ರಲ್ಲಿ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಿಗೆ 10 ವರ್ಷ ಅಪ್‌ಡೇಟ್ ಅಂತ ಗೂಗಲ್ ಹೇಳಿತಲ್ಲ, ಅದನ್ನು ಮೀಟ್ ಪೆಟ್ಟಿಗೆಗೂ ಹಚ್ಚಿ ಮಾರುವವರಿದ್ದಾರೆ. ಮಾತು ಬಿಡಿ, ಆ ಮಾಡೆಲ್‌ನ ದಿನಾಂಕ ನೋಡಿ.

ಸಿಸ್ಕೊದ್ದು ಹಳೇ ಕಾಲದ ಗಾಂಭೀರ್ಯ. ಮಾರಾಟ ನಿಲ್ಲಿಸುವ ಸುಮಾರು 6 ತಿಂಗಳು ಮೊದಲು ನೋಟಿಸ್, ನಿಂತ ಮೇಲೆ ಸರ್ವಿಸ್ ಕಾಂಟ್ರ್ಯಾಕ್ಟ್ ಇದ್ದವರಿಗೆ 5 ವರ್ಷ ಹಾರ್ಡ್‌ವೇರ್ ಸಪೋರ್ಟ್. ಇಲ್ಲಿ ಲೆಕ್ಕ ಮಾರಾಟ ನಿಂತ ದಿನದಿಂದ. ಹಾಗಾಗಿ ಹಳೇ ಮಾಡೆಲ್ ಕೊಂಡವರಿಗೂ ಸ್ವಲ್ಪ ನೆಮ್ಮದಿ. ಒಂದು ಎಚ್ಚರ: ಬಿಡಿಭಾಗ ಐದು ವರ್ಷ ಸಿಕ್ಕರೂ ಸಾಫ್ಟ್‌ವೇರ್ ತಿದ್ದುಪಡಿ ಅದಕ್ಕಿಂತ ಮೊದಲೇ ನಿಲ್ಲುವುದುಂಟು. ಎರಡು ದಿನಾಂಕವನ್ನೂ ಕೇಳಿ. 2022ರಲ್ಲಿ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿದ ಮೇಲೆ ಸಿಸ್ಕೊದ ಹೊಸ ಸಾಧನಗಳಲ್ಲಿ ಟೀಮ್ಸ್ ರೂಮ್ಸ್ ಕೂಡ ಓಡುತ್ತದೆ. ಇಬ್ಬರೂ ಪ್ರತಿಸ್ಪರ್ಧಿಗಳು, ಮೊದಲು ಇದನ್ನು ಯಾರಾದರೂ ಹೇಳಿದ್ದರೆ ನಗುತ್ತಿದ್ದೆವು.

ದುಡ್ಡು ಜಾಸ್ತಿ ಅನ್ನುವುದು ನಿಜ. ಬೋರ್ಡ್ ರೂಮ್, ಆಸ್ಪತ್ರೆ ಸಭಾಂಗಣ, ನಿಂತರೆ ನಡೆಯದ ಜಾಗಗಳಿಗೆ ಸರಿ. ಸರ್ಕಾರಿ ಕಚೇರಿಗಳ ಎನ್‌ಐಸಿ ಜಾಲದ ಮೂಲಕ ಜಿಲ್ಲಾಧಿಕಾರಿ ಕಚೇರಿಗಳ ಜೊತೆ ಸೇರಬೇಕಾದವರು ಎಸ್‌ಐಪಿ, ಎಚ್.323 ಅನ್ನುವ ವೀಡಿಯೊ ಕರೆಯ ಸಾಮಾನ್ಯ ಪದ್ಧತಿಗಳು ಬರುತ್ತವಾ ಅಂತಲೂ ನೋಡಬೇಕು. ಎಚ್.323 ಹುಟ್ಟಿದ್ದು 1996ರಲ್ಲಿ, ಇನ್ನೂ ಉಸಿರಾಡುತ್ತಿದೆ.

ಕಂಪನಿ ಕೈ ಬದಲಾದರೆ ಏನು ಅಂತ ಕೆಲವರು ಕೇಳುತ್ತಾರೆ. ಪಾಲಿಕಾಮ್‌ನ್ನು 2018ರಲ್ಲಿ ಪ್ಲಾಂಟ್ರಾನಿಕ್ಸ್ ಕೊಂಡಿತು, 2019ರಲ್ಲಿ ಹೆಸರು ಪಾಲಿ ಆಯಿತು, 2022ರಲ್ಲಿ ಎಚ್‌ಪಿ ಪಾಲಾಯಿತು. ಪೆಟ್ಟಿಗೆ ಅದೇ, ಸಹಾಯವಾಣಿ ಬೇರೆ. ದಿನಾಂಕ ನಿಮ್ಮ ಪಿಒದಲ್ಲಿ (ಖರೀದಿ ಆದೇಶ) ಅಕ್ಷರದಲ್ಲಿದ್ದರೆ ಯಾರು ಮಾಲೀಕರಾದರೂ ತೋರಿಸಿ ಕೇಳಬಹುದು.

ದೊಡ್ಡ ಟಚ್ ಬೋರ್ಡ್

ಇದರ ಬಗ್ಗೆ ನನಗೆ ಪೂರ್ವಗ್ರಹ ಇದೆ, ಮೊದಲೇ ಹೇಳಿಬಿಡುತ್ತೇನೆ. ಪರದೆ, ಕಂಪ್ಯೂಟರ್, ಕ್ಯಾಮೆರಾ ಎಲ್ಲಾ ಅಂಟಿಸಿದ ಬೋರ್ಡ್ ನೋಡಲು ಚಂದ. ಪರದೆ ಹತ್ತು ವರ್ಷ ಬಾಳುವ ಸಾಮಾನು, ಅದನ್ನು ಐದಾರು ವರ್ಷದ ಕಂಪ್ಯೂಟರ್ ಜೊತೆ ಮದುವೆ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಗೂಗಲ್ ಜ್ಯಾಮ್‌ಬೋರ್ಡ್ 2017ರಲ್ಲಿ ಮಾರಾಟಕ್ಕೆ ಬಂತು. ಬೆಲೆ 4,999 ಡಾಲರ್, ಮೇಲೆ ವರ್ಷಕ್ಕೆ 600 ಡಾಲರ್ ಶುಲ್ಕ. 2023ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸುತ್ತೇವೆ ಅಂದರು, 2024ರ ಸೆಪ್ಟೆಂಬರ್ 30ಕ್ಕೆ ಬೋರ್ಡಿನ ಸಪೋರ್ಟ್ ಮುಗಿಯಿತು. ವರ್ಷದ ಕೊನೆಗೆ ಆ್ಯಪ್ ಕೂಡ ಹೋಯಿತು. 2017ರಲ್ಲಿ ಕೊಂಡವರಿಗೆ ಏಳು ವರ್ಷ ಸಿಕ್ಕಿತು, ತಕರಾರಿಲ್ಲ. 2022ರಲ್ಲಿ ಕೊಂಡವರಿಗೆ ಎರಡು.

ಮೈಕ್ರೋಸಾಫ್ಟ್ ಸರ್ಫೇಸ್ ಹಬ್‌ನಲ್ಲಿ ಇದೇ ಪಾಠದ ಎರಡೂ ಮುಖ ಕಾಣುತ್ತವೆ. 2015ರ ಮೊದಲ ಹಬ್‌ಗೆ ವಿಂಡೋಸ್ 11 ದಾರಿಯೇ ಇಲ್ಲ. ಹೊರಗಿನ ಪಿಸಿ ಜೋಡಿಸಿ ದೊಡ್ಡ ಪರದೆಯಾಗಿ ಬಳಸಬಹುದು ಅಷ್ಟೇ. 2019ರ ಹಬ್ 2ಎಸ್‌ನಲ್ಲಿ ಕಂಪ್ಯೂಟರ್ ಹಿಂದುಗಡೆ ಒಂದು ಕಾರ್ಟ್ರಿಜ್‌ನಲ್ಲಿದೆ. ಅದನ್ನು ಎಳೆದು ತೆಗೆದು ಹಬ್ 3ರ ಕಾರ್ಟ್ರಿಜ್ ಹಾಕಿದರೆ ಅದೇ ಪರದೆ ಹೊಸ ಹಬ್ ಆಗುತ್ತದೆ. ಬೋರ್ಡ್ ಬೇಕೇ ಬೇಕು ಅನ್ನುವವರು ಹಿಂದೆ ತಿರುಗಿಸಿ ಇಂಥದ್ದೇನಾದರೂ ಇದೆಯಾ ನೋಡಿ. ಇಲ್ಲದಿದ್ದರೆ ಸಾದಾ ದೊಡ್ಡ ಟಿವಿ, ಪಕ್ಕದಲ್ಲಿ ಒಂದು ಬಿಳಿ ಬೋರ್ಡ್ ಮತ್ತು ಮಾರ್ಕರ್ ಪೆನ್.

ನಿಮಗೆ ಯಾವುದು?

ರೂಮ್ ಒಂದೋ ಎರಡೋ, ಕೈಯಲ್ಲಿ ಲಕ್ಷದೊಳಗೆ ಇದೆ ಅಂದರೆ ಯುಎಸ್‌ಬಿ ಕ್ಯಾಮೆರಾ ಮತ್ತು ಒಳ್ಳೆಯ ಮೈಕ್. ಉಳಿದ ದುಡ್ಡನ್ನು ಮೈಕ್‌ಗೆ ಹಾಕಿ, ಕ್ಯಾಮೆರಾಕ್ಕೆ ಬೇಡ. ಹತ್ತಕ್ಕಿಂತ ಜಾಸ್ತಿ ರೂಮ್, ಐಟಿ ಜನ ಕಡಿಮೆ ಅಂದರೆ ಆ್ಯಂಡ್ರಾಯ್ಡ್ ಬಾರ್. ಎಲ್ಲಾ ರೂಮಿಗೂ ಒಂದೇ ಮಾಡೆಲ್, ಕನಿಷ್ಠ ನಾಲ್ಕು ವರ್ಷ ಉಳಿದಿರಬೇಕು, ಯುಎಸ್‌ಬಿ ವಿಧಾನ ಇರಬೇಕು. ದೊಡ್ಡ ರೂಮ್, ಛಾವಣಿಯಲ್ಲಿ ಮೈಕ್, ಎರಡು ಮೂರು ಕ್ಯಾಮೆರಾ ಇದ್ದರೆ ಮಿನಿ ಪಿಸಿ ಕಿಟ್. ಅಲ್ಲಿ ಕ್ಯಾಮೆರಾ-ಮೈಕ್‌ಗೆ ಹಾಕಿದ ದುಡ್ಡು ಕಂಪ್ಯೂಟರ್ ಬದಲಾದರೂ ಉಳಿಯುತ್ತದೆ. ಪೂರ್ತಿ ಗೂಗಲ್ ವರ್ಕ್‌ಸ್ಪೇಸ್ ಬಳಸುವ ಆಫೀಸಾದರೆ ಮೀಟ್ ಹಾರ್ಡ್‌ವೇರ್ ನೆಮ್ಮದಿ, ಆದರೆ ಮಾರುಕಟ್ಟೆಗೆ ಹೊಸದಾಗಿ ಬಂದ ಮಾಡೆಲ್ಲೇ ತಗೊಳ್ಳಿ. ಎರಡು ವರ್ಷದಲ್ಲಿ ಆಫೀಸ್ ಖಾಲಿ ಮಾಡುವವರಿದ್ದರೆ ಆಯಸ್ಸು ಕಡಿಮೆ ಉಳಿದ, ಡಿಸ್ಕೌಂಟಿನ ಪೆಟ್ಟಿಗೆಯೇ ಜಾಣತನ. ಗೊತ್ತಿದ್ದು ಕೊಂಡರೆ ಅದು ಮೋಸ ಅಲ್ಲ.

ವೆಂಡರ್‌ಗೆ ಕಳಿಸುವ ಮೇಲ್‌ನಲ್ಲಿ ಈ ಸಾಲು ಹಾಕಿ: "ಈ ಮಾಡೆಲ್‌ನ ಮಾರಾಟ ನಿಲ್ಲುವ ದಿನ ಪ್ರಕಟವಾಗಿದೆಯೇ? ಸೆಕ್ಯೂರಿಟಿ ಅಪ್‌ಡೇಟ್ ಯಾವ ದಿನಾಂಕದವರೆಗೆ? ತಯಾರಕರ ಪುಟದ ಲಿಂಕ್ ಸಹಿತ ತಿಳಿಸಿ." ಫೋನಿನಲ್ಲಿ ಉತ್ತರ ಕೊಟ್ಟರೆ ಥ್ಯಾಂಕ್ಸ್ ಹೇಳಿ, ಮೇಲ್‌ನಲ್ಲೂ ಹಾಕಿಬಿಡಿ ಸಾರ್ ಅನ್ನಿ.

ಪೆಟ್ಟಿಗೆ ಬಂದು ಗೋಡೆಗೆ ಏರುವ ದಿನ ಟಿವಿ ಹಿಂದೆ ಒಂದು ಬಿಳಿ ಟೇಪ್ ಅಂಟಿಸಿ. ಅದರ ಮೇಲೆ ಮಾರ್ಕರ್‌ನಲ್ಲಿ ಅಪ್‌ಡೇಟ್ ಮುಗಿಯುವ ತಿಂಗಳು ಮತ್ತು ವರ್ಷ ಬರೆಯಿರಿ. ಕ್ಯಾಲೆಂಡರ್‌ನಲ್ಲಿ ರಿಮೈಂಡರನ್ನು ಆ ತಿಂಗಳಿಗೆ ಹಾಕಬೇಡಿ, ಒಂಬತ್ತು ತಿಂಗಳು ಮೊದಲಿಗೆ ಹಾಕಿ. ಬಜೆಟ್‌ಗೆ ಒಪ್ಪಿಗೆ ಸಿಗಲು ಅಷ್ಟು ಹೊತ್ತು ಬೇಕಾಗುತ್ತದೆ.